ಅಳತೆ ಸರಿ, ಗೋಡೆನೇ ತಪ್ಪು

ಫೆಬ್ರವರಿ ೯, ಭಾನುವಾರ ಮಧ್ಯಾಹ್ನ
ಮರದ ಶಾಪಿನ ಹಿಂದಿನ ಕೋಣೆಯಿಂದ

ಪರಮಪೂಜ್ಯಳೂ, ಬಾಲ್ಯದಲ್ಲಿ ನನ್ನ ಕಿವಿ ಹಿಂಡುವ ಹಕ್ಕನ್ನು ಯಾರಿಗೂ ಬಿಟ್ಟುಕೊಡದವಳೂ ಆದ ಅಕ್ಕನಿಗೆ,

ನಿನ್ನ ತರಲೆ ತಮ್ಮ ಮಾಡುವ ಉದ್ದಂಡ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಕ್ರಮ. ದೊಡ್ಡಮ್ಮ ಕ್ಷೇಮ, ಮೊಣಕಾಲೊಂದು ಬಿಟ್ಟು. ಬೆಕ್ಕು ಕ್ಷೇಮ. ನಾನು ಊಟ ನಿದ್ದೆಗಳ ಮಟ್ಟಿಗೆ ಕ್ಷೇಮ. ನಿಮ್ಮಪ್ಪನ, ಅಂದರೆ ನನ್ನ ದೊಡ್ಡಪ್ಪನ, ವಿಷಯಕ್ಕೆ ಆಮೇಲೆ ಬರುತ್ತೇನೆ. ಆ ವಿಷಯಕ್ಕೆ ಬರಲು ಧೈರ್ಯ ಸಾಲದೆಯೇ ಈ ಪತ್ರ ಇಷ್ಟು ತಡವಾಯಿತು.

ಉತ್ತರ ಬರೆಯಲಿಲ್ಲ ಎಂದು ನೀನು ಬೈದುಕೊಂಡಿರುತ್ತೀಯ. ಬೈದದ್ದು ವ್ಯರ್ಥವಾಗಿಲ್ಲ, ನನಗೆ ಸಲ್ಲುತ್ತದೆ. ಎಷ್ಟೋ ಸಲ ಶುರು ಮಾಡಿ ಹರಿದೆ. ಫೋನ್ ಮಾಡಬಹುದಿತ್ತು. ಆದರೆ ನಮ್ಮನೆ ಫೋನು ಇರುವುದು ನಡುಮನೆಯಲ್ಲಿ, ದೊಡ್ಡಪ್ಪ ಕೂರುವ ಕುರ್ಚಿಯ ಮಗ್ಗುಲಲ್ಲೇ. ಸಾಲದ್ದಕ್ಕೆ ನಿನ್ನ ದನಿ ಕೇಳಿದ ತಕ್ಷಣ ನನಗೆ ಏನಾದರೊಂದು ಕಿತಾಪತಿ ಮಾಡಬೇಕೆನಿಸುತ್ತದೆ. ಈ ಸಲ ಹಾಗಾಗಬಾರದು.

ನಿನ್ನ ಪತ್ರ ಓದಿ ದೊಡ್ಡಮ್ಮ ಅತ್ತರು, ಸಂತೋಷಕ್ಕೆ. ಕಣ್ಣಿನ ಆಸ್ಪತ್ರೆಯಲ್ಲಿ ಅಷ್ಟೊಂದು ಜನರ ಕಣ್ಣು ನೋಡಿ ನೋಡಿ ಕೊನೆಗೆ ಔಷಧಿ ಕೊಡುವ ಕಿಟಕಿಯವನ ಕಣ್ಣೇ ನಿನಗೆ ಹಿಡಿಸಿತಲ್ಲ, ಒಳ್ಳೆಯದಾಗಲಿ. ಹುಡುಗ ಮಿತಭಾಷಿ ಎಂದು ಬರೆದಿದ್ದೀಯ. ನಿನ್ನ ಜೊತೆ ಇರುವವನಿಗೆ ಬೇರೆ ದಾರಿಯಾದರೂ ಏನಿದೆ?

ಆದರೆ ಅದೇ ಪತ್ರದಲ್ಲಿ ಹುಡುಗನ ಅಪ್ಪನ ಬಗ್ಗೆ ನೀನು ಬರೆದದ್ದನ್ನು ಓದಿ ನನ್ನ ಕೈಕಾಲು ತಣ್ಣಗಾದವು. "ರಿಟೈರ್ಡ್ ಕಂಡಕ್ಟರ್ ಕಣೋ, ಮಹಾ ತಮಾಷೆ ಮನುಷ್ಯ. ಚಹಾ ಚೆಲ್ಲಿದ್ರೂ ಅದೇ ಮಾತು, ಬಸ್ಸು ತಪ್ಪಿದ್ರೂ ಅದೇ ಮಾತು: ಅಳತೆ ಸರಿ, ಗೋಡೆನೇ ತಪ್ಪು! ಇಲ್ಲಿ ಎಲ್ಲರ ಬಾಯಲ್ಲೂ ಈಗ ಇದೇ. ನಿಮ್ಮ ಕಡೆ ಬಂದಿದೆಯಾ? ಮುಂದಿನ ತಿಂಗಳು ಅವರನ್ನೆಲ್ಲ ಕರ್ಕೊಂಡು ಬರ್ತೀನಿ. ಅಪ್ಪನ ಮುಂದೆ ಅವರು ಇದನ್ನ ಹೇಳೋದು ನೋಡ್ಬೇಕು ನೀನು!"

ನಮ್ಮ ಕಡೆ ಬಂದಿದೆಯಾ ಎಂದು ಕೇಳುತ್ತೀಯಲ್ಲ ಅಕ್ಕಾ, ಅದು ಹೊರಟದ್ದೇ ನಮ್ಮ ಕಡೆಯಿಂದ. ಮೊದಲು ಆಡಿದ್ದು ನಿಮ್ಮಪ್ಪ. ಊರಿಗೆ ಹಂಚಿದ್ದು ನಾನು.

ದೊಡ್ಡಪ್ಪ ಮೇಸ್ತ್ರಿಯಾಗಿರುವ ಶಾಪಿಗೆ ನಾನು ಸೇರಿದ ಹೊಸತು. ಅಲ್ಲಿನ ಪದ್ಧತಿಯನ್ನು ಚಿಕ್ಕವಳಿದ್ದಾಗ ನೀನೂ ನಿಂತು ನೋಡಿದ್ದೀಯ. ಟೇಪು ಹಿಡಿದವರು ಅಳತೆಯನ್ನು ಗಟ್ಟಿಯಾಗಿ ಕೂಗಬೇಕು, ಜೊತೆಗಿರುವವನು ಅದನ್ನೇ ತಿರುಗಿ ಕೂಗಬೇಕು, ಆಮೇಲೆ ಮರದ ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಬರೆಯಬೇಕು. ದೊಡ್ಡಪ್ಪ ಕೂಗಿದರೆ ಬೀದಿಯಲ್ಲಿ ಹೋಗುವವರೂ ತಿರುಗಿ ನೋಡುತ್ತಿದ್ದರು. "ನಂಬರ್ ನಾಚ್ಕೋಬಾರ್ದು ಕಣೋ. ನಾಚ್ಕೊಂಡ್ರೆ ಮರ ದಂಡ" ಎನ್ನುತ್ತಿದ್ದರು.

ಹಲ್ಲಿನ ಡಾಕ್ಟರಮ್ಮನ ಮನೆಯಲ್ಲಿ ಗೋಡೆಯ ಗೂಡಿಗೆ ಪುಸ್ತಕದ ಕಪಾಟು ಕೂರಿಸುವ ಕೆಲಸ. ಪಾಲಿಶ್ ಆಗಿ ಮಿರಮಿರ ಮಿಂಚುವ ಕಪಾಟನ್ನು ನಾಲ್ಕು ಜನ ಹೊತ್ತುಕೊಂಡು ಹೋಗಿ ಗೂಡಿಗೆ ತಳ್ಳಿದರೆ, ಅದು ಅರ್ಧಕ್ಕೆ ನಿಂತು, ಹಟ ಹಿಡಿದ ಎಮ್ಮೆಯ ಹಾಗೆ ಅಲ್ಲಾಡಲೇ ಇಲ್ಲ. ಮೇಲ್ಗಡೆ ಎರಡು ಬೆರಳಷ್ಟು ಹೆಚ್ಚು. ಡಾಕ್ಟರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏನ್ರೀ ಇದು? ಅಳತೆ ತಗೊಂಡು ಹೋಗಿದ್ರಿ ತಾನೆ?"

ದೊಡ್ಡಪ್ಪ ಕಪಾಟು ನೋಡಿದರು. ಮರದ ಪಟ್ಟಿ ನೋಡಿದರು. ಆಮೇಲೆ ಹೇಳಿದರು: "ಅಳತೆ ಸರಿ ಇದೆ ಮೇಡಂ. ಗೋಡೆನೇ ತಪ್ಪು."

ಡಾಕ್ಟರಮ್ಮ ಪಕ್ಕನೆ ತಿರುಗಿ ಗೋಡೆಯನ್ನು ಗದರುವ ಹಾಗೆ ನೋಡಿದರು. ಗೋಡೆ ಏನೂ ಹೇಳಲಿಲ್ಲ. ಕಪಾಟು ಹೊತ್ತಿದ್ದ ನಾವು ನಾಲ್ವರೂ ನಗು ತಡೆಯಲಾರದೆ ಅದನ್ನು ಇನ್ನೇನು ಕೆಳಗೆ ಹಾಕುವುದರಲ್ಲಿದ್ದೆವು.

ಮಾರನೆಯ ದಿನ ಬೆಳಿಗ್ಗೆ ಚಹಾ ಅಂಗಡಿಯ ಬೆಂಚಿನ ಮೇಲೆ ನಿಂತು ನಾನು ಆ ದೃಶ್ಯವನ್ನು ಲೋಕಕಲ್ಯಾಣಾರ್ಥವಾಗಿ ಅಭಿನಯಿಸಿದೆ. ಡಾಕ್ಟರಮ್ಮ ನಾನೇ, ಕಪಾಟು ನಾನೇ, ದೊಡ್ಡಪ್ಪನೂ ನಾನೇ. ಜನ ಬಿದ್ದು ಬಿದ್ದು ನಕ್ಕರು. ಚಹಾ ಅಂಗಡಿಯವನು ದುಡ್ಡು ತಗೊಳ್ಳಲಿಲ್ಲ.

ಅಲ್ಲಿಂದ ಆ ಮಾತಿನ ದಿಗ್ವಿಜಯ ಶುರುವಾಯಿತು. ಬಣ್ಣ ಬಳಿಯುವವನು ಅದನ್ನು ಕಟ್ಟಡದ ಕೆಲಸಕ್ಕೆ ಒಯ್ದ. ಕ್ಷೌರದಂಗಡಿಯವನು ಕೆನ್ನೆ ಕುಯ್ದ ಗಿರಾಕಿಗೆ ಹೇಳಿದ. ಬಸ್ಸಿನವರು ಹೊರ ಊರುಗಳಿಗೆ ಸಾಗಿಸಿದರು. ಶಾಲೆಯಲ್ಲಿ ಲೆಕ್ಕ ತಪ್ಪಿದ ಹುಡುಗರೆಲ್ಲ ಅದನ್ನೇ ಹೇಳತೊಡಗಿದಾಗ ಹೆಡ್‌ಮೇಡಂ ಪ್ರಾರ್ಥನೆಯ ಹೊತ್ತಿನಲ್ಲಿ, "ಇನ್ನು ಯಾರೂ ಈ ಮಾತು ಆಡಕೂಡದು" ಎಂದು ಮೈಕಿನಲ್ಲಿ ಆಜ್ಞೆ ಹೊರಡಿಸಿದರು. ಅಲ್ಲಿಯವರೆಗೆ ಅದು ಗೊತ್ತಿಲ್ಲದಿದ್ದ ಒಂದನೇ ಕ್ಲಾಸಿನವರೂ ಅವತ್ತು ಕಲಿತುಬಿಟ್ಟರು. ಊರಿನ ಫುಟ್‌ಬಾಲ್ ತಂಡ ಹೀನಾಯವಾಗಿ ಸೋತಾಗ ರೇಡಿಯೋದ ಬೆಳಗಿನ ಹುಡುಗಿ, "ಕಿಕ್ ಸರಿ ಇತ್ತು, ಗೋಲೇ ತಪ್ಪು" ಎಂದಳಂತೆ. ಅದಾದ ಮೇಲೆ ಯಾರೂ ಇಡೀ ಮಾತನ್ನು ಹೇಳುವ ಕಷ್ಟವನ್ನೇ ತೆಗೆದುಕೊಳ್ಳಲಿಲ್ಲ. ಮೊದಲು "ಗೋಡೆನೇ ತಪ್ಪು" ಆಯಿತು, ಆಮೇಲೆ ಬರೀ "ಗೋಡೆ!" ಕೆಲಸಕ್ಕೆ ತಡವಾಗಿ ಬಂದವನು "ಗೋಡೆ" ಎಂದರೆ ಸಾಕು, ಕೇಳಿದವರು ನಕ್ಕು ಬಿಟ್ಟುಬಿಡುತ್ತಾರೆ. ಮೊನ್ನೆ ಕ್ಷೌರದಂಗಡಿಯಲ್ಲಿ ಒಬ್ಬ ಮುದುಕರು, ಇದು ತಮ್ಮ ತಾತನ ಕಾಲದ ಮಾತೆಂದು ಆಣೆ ಇಟ್ಟು ಹೇಳಿದರು. ನಾನು ಪಕ್ಕದ ಕುರ್ಚಿಯಲ್ಲೇ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದೆ. ಅಕ್ಕಾ, ಆ ಮಾತಿಗೆ ನನ್ನ ಮೀಸೆಗಿಂತ ಕಮ್ಮಿ ವಯಸ್ಸು.

ನಾನು ಹಿಗ್ಗಿದೆ, ಸುಳ್ಳು ಹೇಳಲಾರೆ. ರಸ್ತೆಯಲ್ಲಿ ಯಾರೋ ಗುರುತಿಲ್ಲದವರು ಅದನ್ನು ಆಡಿದಾಗ, ಮಕ್ಕಳನ್ನು ಓದಿಸಿ ದೊಡ್ಡವರನ್ನಾಗಿ ಮಾಡಿದ ತಂದೆಯ ಹಾಗೆ ಗಂಭೀರವಾಗಿ ನಿಂತು ಕೇಳುತ್ತಿದ್ದೆ.

ದೊಡ್ಡಪ್ಪ ಟೇಪು ತೆಗೆದರೆ ಮನೆಗಳಲ್ಲಿ ಮಕ್ಕಳು ಕಿಸಕ್ಕೆಂದು ನಗತೊಡಗಿದರು. ಒಬ್ಬ ಯಜಮಾನ, "ಮೇಸ್ತ್ರಿ, ಮೊದಲು ಗೋಡೆನ ಒಂದು ಮಾತು ಕೇಳ್ಕೊಳಿ, ನಿಮ್ಮ ಅಳತೆಗೆ ಒಪ್ಪುತ್ತಾ ಅಂತ" ಎಂದ. ಇನ್ನೊಬ್ಬರು ನೇರವಾಗಿ ಶಾಪಿನ ಯಜಮಾನರಿಗೇ ಫೋನ್ ಮಾಡಿ, "ಆ ಗೋಡೆ ಮೇಸ್ತ್ರಿನ ಬಿಟ್ಟು ಬೇರೆ ಯಾರನ್ನಾದ್ರೂ ಕಳ್ಸಿ" ಎಂದರು. ದೊಡ್ಡಪ್ಪ ಮೊದಲು ಕೂಗುವುದನ್ನು ನಿಲ್ಲಿಸಿದರು. ತಾವೇ ಅಳೆದು, ತುಟಿ ಅಲ್ಲಾಡಿಸಿ, ತಾವೇ ಬರೆದುಕೊಳ್ಳತೊಡಗಿದರು. ನಾನು ಪಕ್ಕದಲ್ಲಿ ತಿರುಗಿ ಕೂಗಲು ಏನೂ ಇಲ್ಲದೆ ಬಾಯಿ ಬಿಟ್ಟುಕೊಂಡು ನಿಂತಿರುತ್ತಿದ್ದೆ. ಆಮೇಲೆ ಒಂದು ದಿನ ಯಜಮಾನರು ಕರೆದು, "ಜನ ನಗ್ತಾರೆ ಮೇಸ್ತ್ರಿ, ಏನ್ಮಾಡೋದು. ಸ್ವಲ್ಪ ದಿನ ಒಳಗಡೆ ಇರಿ" ಎಂದರು. ಈಗ ನಿಮ್ಮಪ್ಪ ಶಾಪಿನ ಮೂಲೆಯಲ್ಲಿ ಪಾಲಿಶ್ ಕಾಗದ ಹಿಡಿದು ಹಲಗೆ ಉಜ್ಜುತ್ತಾರೆ. ಟೇಪು ಜೇಬಿನಲ್ಲೇ ಇದೆ. ಹೊರಗೆ ತೆಗೆಯುವುದಿಲ್ಲ.

ಮನೆಯಲ್ಲೂ ಮಾತು ಕಮ್ಮಿ. ಏನೋ ಹೇಳಲು ಬಾಯಿ ತೆರೆಯುತ್ತಾರೆ, ಸುತ್ತ ನೋಡುತ್ತಾರೆ, ಮುಚ್ಚುತ್ತಾರೆ. ತಮ್ಮ ಯಾವ ಮಾತು ನಾಳೆ ಬೀದಿಗೆ ಬೀಳುತ್ತದೋ ಎಂದು ಒಳಗೇ ಜರಡಿ ಹಿಡಿಯುವವರ ಹಾಗೆ. ದೊಡ್ಡಮ್ಮ "ಇವರಿಗೇನಾಗಿದೆಯೋ, ಗೋಡೆ ಜೊತೆ ಸಂಸಾರ ಮಾಡಿದಂಗಾಯ್ತು" ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡರು.

ಅದಕ್ಕೇ ಅಕ್ಕಾ, ನಿನ್ನ ಕಾಲಿಗೆ ಬೀಳುತ್ತೇನೆ. ಕಂಡಕ್ಟರ್ ಮಾವನವರಿಗೆ ಹೇಗಾದರೂ ಮಾಡಿ ತಿಳಿಸು. ಹೊಸ ಬೀಗರು ಮೊದಲ ಸಲ ಮನೆಗೆ ಬಂದು, ನಡುಮನೆಯಲ್ಲಿ ಕೂತು, ನಿಮ್ಮಪ್ಪನ ಮುಖ ನೋಡಿ ಆ ಮಾತು ಹೇಳಬಾರದು. ಮಿಕ್ಕ ಏನು ಬೇಕಾದರೂ ಹೇಳಲಿ, ಹಾಡು ಬೇಕಾದರೂ ಹೇಳಲಿ.

ವಯಸ್ಸಿನಲ್ಲಿ ಚಿಕ್ಕವನಾದರೂ ಹುಡುಗಿಯ ಕಡೆಯ ಗಣ್ಯವ್ಯಕ್ತಿಯಾದ ಕಾರಣ ನಿನಗೂ ಔಷಧಿ ಕಿಟಕಿಯವನಿಗೂ ನನ್ನ ತುಂಬು ಆಶೀರ್ವಾದಗಳು.

ಇಂತು ನಿನ್ನ
ತರಲೆ

ಬರೆಯಲು ಮರೆತದ್ದು: ಹಬ್ಬಿಸಿದವನು ನಾನೇ ಎಂದು ದೊಡ್ಡಪ್ಪನಿಗೆ ಮೊದಲ ದಿನದಿಂದಲೂ ಗೊತ್ತು. ಇವತ್ತಿನವರೆಗೆ ಬೈದಿಲ್ಲ. ಊಟಕ್ಕೆ ಕೂತಾಗ ಮೊದಲು ನನ್ನ ತಟ್ಟೆಗೇ ಬಡಿಸಲು ಹೇಳುತ್ತಾರೆ.

*

ಮಾರ್ಚ್ ೨೩, ಭಾನುವಾರ
ಅದೇ ಕೋಣೆ

ಅಕ್ಕಾ,

ಬಿರುದುಬಾವಲಿಗಳನ್ನು ಈ ಸಲ ಬಿಟ್ಟಿದ್ದೇನೆ, ಕ್ಷಮಿಸು. ಉತ್ತರ ಮತ್ತೆ ತಡವಾಯಿತು, ಅದಕ್ಕೂ ಕ್ಷಮಿಸು. ಮದುವೆಗೆ ದಿನ ಗೊತ್ತಾದ ಮೇಲೆ ಮನೆ ತುಂಬ ಓಡಾಟ. ದೊಡ್ಡಮ್ಮ ಮೊಣಕಾಲು ನೋವನ್ನೇ ಮರೆತು ಪಾತ್ರೆ ಅಂಗಡಿ ಸುತ್ತುತ್ತಿದ್ದಾರೆ.

ನಿನ್ನ ಪತ್ರ ಓದಿದೆ. "ಸುಮ್ನೆ ನನ್ನ ಹೆದರಿಸಿಬಿಟ್ಟೆ ಕಣೋ. ಅಪ್ಪ ಅದನ್ನೆಲ್ಲ ಮನಸ್ಸಿಗೇ ಹಚ್ಕೊಂಡಿಲ್ಲ. ತಾವೇ ಹೇಳಿ ತಾವೇ ನಕ್ರಲ್ಲ! ನಿನ್ನ ತಪ್ಪು ಮನ್ನಾ" ಎಂದಿದ್ದೀಯ. ನೀನು ಕೊಟ್ಟ ಮಾಫಿಯನ್ನು ವಾಪಸು ಕಳಿಸಲು ಈ ಪತ್ರ ಬರೆಯುತ್ತಿದ್ದೇನೆ. ಇದು ಮಾತ್ರ ನಾಟಕವಲ್ಲ.

ಅವತ್ತು ನಡುಮನೆಯಲ್ಲಿ ನೀನೂ ಇದ್ದೆ. ಆದರೆ ನೀನು ತಲೆ ತಗ್ಗಿಸಿ ಕೂತಿದ್ದೆ, ನಾನು ಬಾಗಿಲ ಹತ್ತಿರ ಚಹಾ ತಟ್ಟೆ ಹಿಡಿದು ನಿಂತಿದ್ದೆ. ನನಗೆ ಎಲ್ಲರ ಮುಖವೂ ಕಾಣುತ್ತಿತ್ತು. ಕಂಡಕ್ಟರ್ ಮಾವ ಪಾಪ, ನೀನು ಹೇಳಿಕೊಟ್ಟ ಪಾಠವನ್ನು ಎಷ್ಟು ಭಯಭಕ್ತಿಯಿಂದ ಪಾಲಿಸಿದರೆಂದರೆ, ಪಾಸ್‌ಪೋರ್ಟ್ ಫೋಟೋಕ್ಕೆ ಕೂತವರ ಹಾಗೆ ಕೂತಿದ್ದರು. ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು. ಬಾಯಿ ತೆರೆದರು, ನಿನ್ನ ಕಡೆ ನೋಡಿದರು, ಬಾಯಿ ಮುಚ್ಚಿದರು. ಫ್ಯಾನು ನಿಂತಿತು. ತೆರೆದರು, ಮುಚ್ಚಿದರು. ಬಾಯಲ್ಲಿ ಬೇರೆ ಮಾತೇ ಇಲ್ಲದ ಮನುಷ್ಯ ಅವರು, ಇರುವುದೊಂದನ್ನು ನಾವು ಕಿತ್ತುಕೊಂಡಿದ್ದೆವು. ದೊಡ್ಡಪ್ಪನಂತೂ ಮೊದಲೇ ಮೌನಿ. ಹುಡುಗ ಸೂರು ನೋಡುತ್ತಿದ್ದ. ನಿನ್ನ ಅತ್ತೆಯಾಗುವವರ ಮುಖ ಸಣ್ಣಗಾಗುತ್ತ ಬಂತು.

"ಯಾಕೋ ಯಾರೂ ಮಾತೇ ಆಡ್ತಿಲ್ಲ," ಎಂದರು ಅವರು, ಸೆರಗು ಸರಿಮಾಡಿಕೊಳ್ಳುತ್ತ. "ನಮ್ಮ ಹುಡುಗ ನಿಮಗೆ ಹಿಡಿಸಲಿಲ್ಲ ಅಂತ ಕಾಣುತ್ತೆ."

"ಅಯ್ಯೋ, ಹಾಗೇನಿಲ್ಲ" ಎಂದು ದೊಡ್ಡಮ್ಮ ಒಳಗಿನಿಂದ ಓಡಿ ಬಂದರು. ಆದರೆ ಅವರ ದನಿಯೇ ನಂಬುವ ಹಾಗಿರಲಿಲ್ಲ. ಸಂಬಂಧ ಅಲ್ಲೇ ಮುರಿದು ಬೀಳುವುದಕ್ಕೆ ಇನ್ನೇನೂ ಬಾಕಿ ಇರಲಿಲ್ಲ.

ದೊಡ್ಡಪ್ಪ ಒಮ್ಮೆ ಕಂಡಕ್ಟರ್ ಮಾವನ ಮುಖ ನೋಡಿದರು, ಒಮ್ಮೆ ನಿನ್ನ ಮುಖ. ಅವರಿಗೆ ಎಲ್ಲ ಗೊತ್ತಾಯಿತು ಎಂದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಬೀಗರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೂತರು ನೋಡು, ಅದು ಕುಂಟಿತು. ಮೇಸ್ತ್ರಿಯ ಮನೆಯಲ್ಲೇ ಕುಂಟುವ ಕುರ್ಚಿ! ಆಗ ನಿಮ್ಮಪ್ಪ ಎದ್ದು ನಿಂತು ಹೇಳಿದರು:

"ಅಳತೆ ಸರಿ ಬೀಗರೇ, ಗೋಡೆನೇ ತಪ್ಪು!"

ಆಮೇಲೆ ಆದದ್ದು ನಿನಗೆ ಗೊತ್ತು. ಕಂಡಕ್ಟರ್ ಮಾವ ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಸ್ವಾಮಿ, ಬದುಕಿಸಿದ್ರಿ! ಬೆಳಗಿಂದ ಗಂಟಲಲ್ಲೇ ಸಿಕ್ಕಿಹಾಕ್ಕೊಂಡಿತ್ತು" ಎಂದು ಎದ್ದು ಬಂದು ತಬ್ಬಿಕೊಂಡರು. ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಅರ್ಧ ಗಂಟೆಯಲ್ಲಿ ದಿನ ಗೊತ್ತಾಯಿತು. ನೀನು ನಕ್ಕದ್ದು ತಪ್ಪಲ್ಲ ಅಕ್ಕಾ. ಅವರು ಹೇಳಿದ್ದೇ ನೀನು ನಗಲಿ ಎಂದು.

ಈಗ ನಿನ್ನ ಪತ್ರದ ಕೊನೆಯ ಪ್ರಶ್ನೆಗೆ ಬರುತ್ತೇನೆ. "ಅಪ್ಪ ಅಳತೆ ತಪ್ಪೋರೇ ಅಲ್ಲವಲ್ಲೋ. ಡಾಕ್ಟರಮ್ಮನ ಮನೇಲಿ ಅವತ್ತು ಏನಾಗಿತ್ತು?"

ಅವತ್ತು ಅವರ ಜೊತೆ ನಿಂತು ತಿರುಗಿ ಕೂಗಿದವನೂ ಬರೆದುಕೊಂಡವನೂ ನಾನು. ಆ ಗೂಡು ಕೆಳಗೆ ಅಗಲ, ಮೇಲಕ್ಕೆ ಹೋದ ಹಾಗೆ ಕಿರಿದು. ಗೋಡೆ ಸೊಟ್ಟಗಿದ್ದದ್ದು ನಿಜವೇ. ದೊಡ್ಡಪ್ಪ ಅದನ್ನು ಹಿಡಿದಿದ್ದರು, ಮೇಲಿನದನ್ನು ಬೇರೆ, ಕೆಳಗಿನದನ್ನು ಬೇರೆ ಅಳೆದು ಕೂಗಿದ್ದರು. ಡಾಕ್ಟರಮ್ಮನ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳನ್ನು ನಗಿಸಬೇಕೆಂದು ನಾನು ಪ್ರತಿ ಅಳತೆಯನ್ನೂ ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ತಿರುಗಿ ಕೂಗಿದೆ. ಅವಳು ನಕ್ಕಳು. ನಾನೂ ನಕ್ಕೆ. ನಗುವಿನಲ್ಲಿ ಕೆಳಗಿನ ಅಳತೆಯೊಂದನ್ನೇ ಬರೆದೆ, ಮೇಲಿನದು ಬಿಟ್ಟುಹೋಯಿತು.

ಕಪಾಟು ಸಿಕ್ಕಿಕೊಂಡು ನಿಂತಾಗ ದೊಡ್ಡಪ್ಪ ಮರದ ಪಟ್ಟಿ ನೋಡಿದರು ಎಂದು ಬರೆದಿದ್ದೆನಲ್ಲ, ಅಲ್ಲಿ ಒಂದೇ ಅಳತೆ ಇತ್ತು. ಅಷ್ಟರಲ್ಲೇ ಅವರಿಗೆ ತಿಳಿಯಿತು. ಹಾಗಾಗಿ ಅವರು ಆಡಿದ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅಳತೆ ಸರಿಯಾಗಿತ್ತು, ಗೋಡೆ ತಪ್ಪಾಗಿತ್ತು. ಅದರಲ್ಲಿ ಸೇರಿಸದೆ ಬಿಟ್ಟದ್ದು ನನ್ನನ್ನು. ವಾಪಸು ಬರುವಾಗ ವ್ಯಾನಿನಲ್ಲಿ ಮೆಲ್ಲಗೆ ಹೇಳಿದರು: "ಸೇರಿ ತಿಂಗಳಾಗಿಲ್ಲ. ಗೊತ್ತಾದ್ರೆ ಯಜಮಾನರು ನಾಳೆನೇ ಕಳಿಸ್ತಾರೆ. ನೀನು ಬಾಯಿ ಮುಚ್ಕೊಂಡಿರು, ನಾನು ನೋಡ್ಕೋತೀನಿ."

ಬಾಯಿ ಮುಚ್ಚಿಕೊಂಡಿರು ಎಂದದ್ದಷ್ಟೇ ಅವರು ನನ್ನಿಂದ ಕೇಳಿದ್ದು. ನಾನು ಮಾರನೆಯ ಬೆಳಿಗ್ಗೆ ಬೆಂಚು ಹತ್ತಿದೆ.

ಸರಿಮಾಡಲು ನೋಡಲಿಲ್ಲವೆಂದಲ್ಲ. ಹಳೆಯ ಮಾತನ್ನು ಹೊಸ ಮಾತಿನಿಂದ ಓಡಿಸೋಣ ಎಂದು ಮೊದಲು ಒಂದು ಉಪಾಯ ಹೂಡಿದೆ. "ನಿಧಾನ, ಮೊಳೆಗೂ ಮನಸ್ಸಿದೆ" ಎಂಬುದೊಂದನ್ನು ಕಷ್ಟಪಟ್ಟು ತಯಾರಿಸಿ ಚಹಾ ಅಂಗಡಿ, ಬಸ್ಸು, ಕ್ಷೌರದಂಗಡಿ ಎಲ್ಲ ಕಡೆ ಬಿತ್ತಿದೆ. ಒಬ್ಬರೂ ಎತ್ತಿಕೊಳ್ಳಲಿಲ್ಲ. ಬಣ್ಣ ಬಳಿಯುವವನು ಮಾತ್ರ ಹಣೆ ಮುಟ್ಟಿ ನೋಡಿ, "ಹುಷಾರಾಗಿದೀಯ ತಾನೆ?" ಎಂದ. ಬೇಕೆಂದು ಮಾಡಿದ್ದು ಹಬ್ಬುವುದಿಲ್ಲ ಅಕ್ಕಾ. ಯಾರದೋ ಮೈಮೇಲಿನ ಗಾಯ ಕಿತ್ತು ತಂದದ್ದಾದರೆ ಮಾತ್ರ ಜನಕ್ಕೆ ರುಚಿ.

ಬೀಗರು ಬಂದು ಹೋದ ಮಾರನೆಯ ದಿನ ಯಜಮಾನರ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ. "ಬರೆದುಕೊಂಡವನು ನಾನು. ತಪ್ಪು ನನ್ನದು" ಎಂದೆ.

"ಹಾಗಾದ್ರೆ ಗೋಡೆದು ಏನೂ ತಪ್ಪಿಲ್ಲ ಅಂತೀಯ?" ಎಂದರು ಅವರು. ಶಾಪಿಗೆ ಶಾಪೇ ನಕ್ಕಿತು. ಚಹಾ ಅಂಗಡಿಗೆ ಹೋಗಿ ಅದೇ ಬೆಂಚು ಹತ್ತಿ ಹೇಳಿದರೆ ಇನ್ನೂ ಅನ್ಯಾಯವಾಯಿತು. "ನೋಡ್ರಪ್ಪ, ದೊಡ್ಡಪ್ಪನ ಮಾನ ಉಳಿಸೋಕೆ ಹುಡುಗ ತಾನೇ ತಲೆ ಕೊಡ್ತಿದಾನೆ" ಎಂದು ಬೆನ್ನು ತಟ್ಟಿದರು. ಚಹಾದವನು ಮತ್ತೆ ದುಡ್ಡು ತಗೊಳ್ಳಲಿಲ್ಲ. ಲೋಟವನ್ನು ಅಲ್ಲೇ ಇಟ್ಟು ಬಂದೆ.

ಯಜಮಾನರು ದೊಡ್ಡಪ್ಪನನ್ನು ಅಳತೆಗೆ ಕಳಿಸುವುದಿಲ್ಲ. "ಜನ ಮರೀಲಿ, ನೋಡೋಣ" ಎನ್ನುತ್ತಾರೆ. ಅವರ ಬದಲು ನನ್ನನ್ನು ಕಳಿಸುತ್ತೇನೆಂದರು. ನಾನು ಒಪ್ಪಲಿಲ್ಲ. ಈಗ ಮೂಲೆಯಲ್ಲಿ ಇಬ್ಬರೂ ಎದುರುಬದುರು ಕೂತು ಹಲಗೆ ಉಜ್ಜುತ್ತೇವೆ. ದೊಡ್ಡಪ್ಪ "ಮರದ ಎಳೆ ನೋಡ್ಕೊಂಡು ಉಜ್ಜೋ" ಎನ್ನುತ್ತಾರೆ. ದಿನಕ್ಕೆ ಅಷ್ಟು ಮಾತು.

ಮದುವೆಗೆ ಮುಂಚೆ ನೀನು ಬಂದಾಗ ಅಪ್ಪನ ಜೊತೆ ಕೂತು ಸುಮ್ಮನೆ ಏನಾದರೂ ಮಾತಾಡು. ತಮಾಷೆ ಬೇಡ. ಹೊಸ ಮನೆಗೆ ಏನೇನು ಬೇಕು ಎಂದು ಕೇಳು, ಅಳತೆ ಹೇಳಲು ಹೇಳು, ಗಟ್ಟಿಯಾಗಿ. ನಿನ್ನ ಬಾಳು ಚೆನ್ನಾಗಿರಲಿ, ನಿನ್ನ ಮನೆಯಲ್ಲಿ ಎಲ್ಲರೂ ಅಂಜದೆ ಮಾತಾಡುವಂತಾಗಲಿ. ಚಿಕ್ಕವನ ಆಶೀರ್ವಾದ, ಈ ಸಲ ನಿಜದ್ದು.

ನಿನ್ನ ತಮ್ಮ

ಇನ್ನೊಂದು ಮಾತು: "ಅಪ್ಪನ ಬಾಯಲ್ಲೇ ಅದನ್ನ ಕೇಳಿ ಎಷ್ಟು ಖುಷಿಯಾಯ್ತು ಗೊತ್ತಾ" ಎಂದು ಬರೆದಿದ್ದೀಯ. ನೀನು ಕೇಳಿದ್ದು ಅಪ್ಪನ ಮಾತಲ್ಲ. ಡಾಕ್ಟರಮ್ಮನ ಮನೆಯಲ್ಲಿ ಅವರು ಅದನ್ನು ಹೇಳಿದ್ದು ತಗ್ಗಿದ ದನಿಯಲ್ಲಿ, ಯಾರ ಮುಖವನ್ನೂ ನೋಡದೆ. "ತಪ್ಪೂ" ಎಂದು ಮೂಗಿನಲ್ಲಿ ಎಳೆಯುವುದು, ಎಡ ಹುಬ್ಬು ಹಾರಿಸುವುದು, ಕೊನೆಗೆ ಗೋಡೆಯ ಬೆನ್ನು ತಟ್ಟುವುದು, ಇವೆಲ್ಲ ನಾನು ಕಟ್ಟಿದ್ದು, ಬೆಂಚಿನ ಮೇಲೆ ನಗು ಸಾಲದೆಂದು. ಅವತ್ತು ಬೀಗರ ಮುಂದೆ ನಿಮ್ಮಪ್ಪ ಒಂದನ್ನೂ ಬಿಡದೆ ಎಲ್ಲವನ್ನೂ ಮಾಡಿದರು. ಮಾಡಿ ಮುಗಿಸಿ, ಎಲ್ಲರೂ ನಗುತ್ತಿರುವಾಗ, ಬಾಗಿಲ ಕಡೆ ತಿರುಗಿ ನನ್ನ ಮುಖ ನೋಡಿದರು, ಸರಿಯಾಗಿ ಬಂತಾ ಎಂದು ಕೇಳುವ ಹಾಗೆ. ನಾನು ತಲೆಯಾಡಿಸಿದೆ.